ಪ್ರಾಚ್ಯಶಬ್ದದ ಮೂಲವೂ ಅರ್ಥಪರಿಣಾಮವೂ

ಕನ್ನಡದಲ್ಲಿ ಬಳಕೆಗೆ ಬಂದಿರುವ ಪಾರಿಭಾಷಿಕ ಶಬ್ದಗಳಲ್ಲಿ ‘ಪ್ರಾಚ್ಯವಸ್ತು’ ಎಂಬುದೊಂದು. ಶಾಸನ, ನಾಣ್ಯ, ವಿಗ್ರಹ, ವೀರಗಲ್ಲು, ಹಾಳುಬಿದ್ದ ದೇವಾಲಯ, ನೆಲದೊಳಗಿನಿಂದ ದೊರೆತ ಮಡಕೆಯ ಚೂರು ಇವೆಲ್ಲಕ್ಕೂ ಈ ಹೆಸರು ಸಲ್ಲುತ್ತಿದೆ; ಇವುಗಳನ್ನು ಪರಿಶೋಧಿಸುವ ಶಾಸ್ತ್ರವೂ ಈ ಹೆಸರಿನಿಂದಲೇ ವ್ಯವಹೃತವಾಗುವುದುಂಟು. ಆದರೆ ಅವಯವಾರ್ಥವನ್ನು ನೋಡಿದರೆ ಈ ಸಮಾಸಕ್ಕೆ ‘ಮೂಡಣ ದಿಕ್ಕಿನ ವಸ್ತು’ ಎಂಬುದಕ್ಕಿಂತ ಬೇರೆ ಅರ್ಥವು ಹೊರಡುವುದಿಲ್ಲ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿರುವ ಚೋಳರ ಶಾಸನವು ಹಳೆಯದೆಂಬುದು ನಿರ್ವಿವಾದ. ಅದು ಮೂಡಣದ್ದು ಯಾರಿಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ಒಂದು ಶಬ್ದದ ಚರಿತ್ರೆಯಷ್ಟೇ ಅಲ್ಲ, ಯಾವ ವಸ್ತುವನ್ನು ಕಾಪಾಡತಕ್ಕದ್ದೆಂಬ ವಿವೇಚನೆಯೂ ಅದರೊಡನೆ ಹೆಣೆದುಕೊಂಡಿರುವುದು ಕಂಡುಬರುತ್ತದೆ. ಬಂಗಾರಪೇಟೆ, ಕೋಲಾರದ ಚಿನ್ನದ ಗಣಿಗಳು ಮತ್ತು ಸುತ್ತಲಿನ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವುದರಿಂದ ಈ ವಿಚಾರಕ್ಕೆ ಅದಕ್ಕಿಂತ ಅನುಕೂಲವಾದ ನೆಲವು ದೊರೆಯುವುದು ಕಷ್ಟ.

೧

ಮೊದಲು ಸಂಸ್ಕೃತವನ್ನು ನೋಡತಕ್ಕದ್ದು. ‘ಪ್ರ’ ಎಂಬ ಉಪಸರ್ಗದೊಡನೆ ‘ಅಂಚ್’ ಧಾತು ಸೇರಿ ಆದ ‘ಪ್ರಾಚ್’ ಎಂಬುದಕ್ಕೆ ಮುಂದಕ್ಕೆ ತಿರುಗಿದ, ಎದುರಿಗಿರುವ ಎಂದು ಮೂಲಾರ್ಥ. ಉದಯಸೂರ್ಯನಿಗೆ ಅಭಿಮುಖವಾಗಿ ನಿಂತವನಿಗೆ ಎದುರಿಗಿರುವುದೇ ಮೂಡಲು; ಬೆನ್ನ ಹಿಂದೆ ಇರುವುದು ಪಶ್ಚಿಮ; ಬಲಗೈಯ ಕಡೆಗಿರುವುದು ದಕ್ಷಿಣ. ಹೀಗೆ ಸಂಸ್ಕೃತದ ಈ ದಿಗ್ವಾಚಕಗಳು ನಿಂತ ಮನುಷ್ಯನ ಶರೀರದಿಂದ ಹುಟ್ಟಿದವು. ಎದುರಿಗಿರುವುದೆಂಬ ಅರ್ಥವು ಕಾಲಕ್ಕೆ ಅನ್ವಯಿಸಿದಾಗ ‘ಮೊದಲಿನದು’ ಎಂದಾಯಿತು. ‘ಪ್ರಾಕ್’ ಎಂಬ ಅವ್ಯಯಕ್ಕೆ ಮೂಡಲೆಂದೂ ಹಿಂದೆ ಎಂದೂ ಎರಡರ್ಥ. ‘ಪೂರ್ವ’ ಶಬ್ದಕ್ಕೂ ಹಾಗೆಯೇ. ‘ಪ್ರಾಚೀನ’ವೆಂಬುದು ವೈದಿಕ ಭಾಷೆಯಲ್ಲಿ ಮೂಡಲಿಗೆ ತಿರುಗಿದುದು ಎಂಬರ್ಥದಲ್ಲಿದ್ದು, ತರುವಾಯ ಪುರಾತನವೆಂಬ ಅರ್ಥದಲ್ಲಿ ನೆಲೆನಿಂತಿತು.

ಆದರೆ ‘ಪ್ರಾಚ್ಯ’ವು ಈ ದಾರಿಯನ್ನು ಹಿಡಿಯಲಿಲ್ಲ. ಅದು ಮುಖ್ಯವಾಗಿ ದೇಶವಾಚಕವಾಗಿಯೇ ಉಳಿಯಿತು. ಸಿಂಧೂನದಿಯ ಬಳಿಯ ಶಲಾತುರದವನೆಂದು ಹೇಳಲಾಗುವ ಪಾಣಿನಿಯು ‘ಪ್ರಾಚ್ಯ’ವೆಂಬ ರೂಪವನ್ನು ದಿಗ್ವಾಚಕಗಳ ಸಾಲಿನಲ್ಲಿ ಸಾಧಿಸಿ, ಮೂಡಣ ದೇಶದವರ ಶಬ್ದಪ್ರಯೋಗಗಳನ್ನು ಪ್ರತ್ಯೇಕವಾಗಿ ಹೆಸರಿಸುತ್ತಾನೆ. ಗ್ರೀಕರು ಮಗಧದ ಜನರನ್ನು ‘ಪ್ರಾಸಿಯೋಯ್’ ಎಂದು ಕರೆದುದು ಈ ಶಬ್ದದಿಂದಲೇ. ಅಮರಕೋಶವು ಶರಾವತಿಯನ್ನು ಎಲ್ಲೆಯಾಗಿಟ್ಟು ಅದರ ಆಗ್ನೇಯ ಭಾಗವನ್ನು ಪ್ರಾಚ್ಯವೆಂದೂ ವಾಯವ್ಯ ಭಾಗವನ್ನು ಉದೀಚ್ಯವೆಂದೂ ವಿಭಾಗಿಸುತ್ತದೆ. ಆ ಶರಾವತಿಯು ಉತ್ತರದೇಶದ ನದಿಯೇ ಹೊರತು ಜೋಗದ ಶರಾವತಿಯಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟಪಡಿಸುವುದು ಅಗತ್ಯ. ಈ ಪ್ರಮಾಣಗಳಿಂದ ತಿಳಿಯುವುದೇನೆಂದರೆ, ಪ್ರಾಚ್ಯರೆಂದರೆ ಮಗಧಾದಿ ದೇಶಗಳವರು. ಕರ್ಣಾಟಕರಿಗೆ ಹಳೆಯ ಸಂಪ್ರದಾಯವು ಕೊಟ್ಟ ಹೆಸರು ದಾಕ್ಷಿಣಾತ್ಯರೆಂಬುದು. ಹೀಗಾಗಿ ಕೋಲಾರದ ಶಿಲೆಯನ್ನು ಪ್ರಾಚ್ಯವೆನ್ನುವುದಕ್ಕೆ ಸಂಸ್ಕೃತ ಪ್ರಯೋಗದ ಬೆಂಬಲವಿಲ್ಲ.

೨

ಬೆಂಬಲವು ಬಂದುದು ಬೇರೆ ಕಡೆಯಿಂದ. ಲ್ಯಾಟಿನ್ ಭಾಷೆಯಲ್ಲಿ ‘ಓರಿಯೆನ್ಸ್’ ಎಂದರೆ ಉದಯಿಸುವುದು, ಮೇಲಕ್ಕೇಳುವುದು. ಅದರಿಂದ ಹುಟ್ಟಿದ ‘ಓರಿಯೆಂಟ್’ ಎಂಬುದು ರೋಮನ್ ಚಕ್ರಾಧಿಪತ್ಯದ ಕೊನೆಯ ಕಾಲದಲ್ಲಿ ಸಿರಿಯ ಮೊದಲಾದ ದೇಶಗಳನ್ನೊಳಗೊಂಡ ಒಂದು ಆಡಳಿತವಿಭಾಗದ ಹೆಸರಾಗಿತ್ತು. ಯೂರೋಪಿಯನರ ಸಂಚಾರವು ವಿಸ್ತರಿಸಿದಂತೆಲ್ಲ ಆ ಶಬ್ದದ ಎಲ್ಲೆಯೂ ವಿಸ್ತರಿಸಿ, ತುರುಕರ ನಾಡು, ಪಾರಸೀಕ, ಭರತಖಂಡ, ಚೀನ, ಜಪಾನುಗಳೆಲ್ಲವೂ ಅದರೊಳಗೆ ಸೇರಿದುವು. ರತ್ನವ್ಯಾಪಾರಿಗಳ ಭಾಷೆಯಲ್ಲಿ ‘ಓರಿಯೆಂಟಲ್’ ಎಂಬ ವಿಶೇಷಣವು ಉತ್ತಮಜಾತಿಯದು ಎಂಬರ್ಥವನ್ನು ಪಡೆಯಿತು. ೧೭೮೪ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸನು ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಮೇಲೆ ಅದೇ ಶಬ್ದವು ಒಂದು ವಿದ್ಯಾಶಾಖೆಯ ಹೆಸರಾಯಿತು. ೧೮೩೫ರ ವಿದ್ಯಾಭ್ಯಾಸವಿವಾದದಲ್ಲಿ ಮೆಕಾಲೆಯ ಪಕ್ಷದವರು ಎದುರಿಸಿದುದು ಈ ಹೆಸರಿನ ಪಕ್ಷವನ್ನೇ. ೧೯೭೮ರಲ್ಲಿ ಎಡ್ವರ್ಡ್ ಸಯೀದರು ಇದೇ ಹೆಸರಿನ ತಮ್ಮ ಗ್ರಂಥದಲ್ಲಿ ಆ ವಿದ್ಯೆಯ ದೃಷ್ಟಿಯನ್ನು ಕಟುವಾಗಿ ಪರೀಕ್ಷಿಸಿದರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೧೬ರಲ್ಲಿ, ಮನುಷ್ಯರಿಗೆ ಅನ್ವಯಿಸಿದ ಈ ಶಬ್ದವನ್ನು ಕೆಲವು ಕಾನೂನುಗಳಿಂದ ವಿಧಿಪೂರ್ವಕವಾಗಿ ತೆಗೆದುಹಾಕಲಾಯಿತು. ಒಮ್ಮೆ ಶ್ಲಾಘನೆಯಾಗಿದ್ದುದು ಕೊನೆಗೆ ಅವಹೇಳನವೆನಿಸಿತು. ಶಬ್ದವು ಮಾತ್ರ ಮೊದಲಿನದೇ.

ಮೈಸೂರು ಸಂಸ್ಥಾನದಲ್ಲಿ ೧೮೯೧ರಲ್ಲಿ ‘ಓರಿಯೆಂಟಲ್ ಲೈಬ್ರರಿ’ಯು ಸ್ಥಾಪಿತವಾಯಿತು. ಕೌಟಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದುದು ಇಲ್ಲಿಯೇ. ಗ್ರಂಥವು ೧೯೦೯ರಲ್ಲಿ ಮುದ್ರಿತವಾಯಿತು. ಈ ಸಂಸ್ಥೆಗೆ ಕನ್ನಡದಲ್ಲಿ ‘ಪ್ರಾಚ್ಯವಿದ್ಯಾಸಂಶೋಧನಾಲಯ’ವೆಂಬ ಹೆಸರು ರೂಢವಾಗಿದೆ. ಇತ್ತ ಶಾಸನ ಮತ್ತು ಶಿಲ್ಪಗಳ ಪರಿಶೋಧನೆಗೆಂದು ೧೮೮೫ರಲ್ಲಿ ಬೇರೊಂದು ಇಲಾಖೆಯು ಏರ್ಪಟ್ಟಿತು. ಬಿ. ಎಲ್. ರೈಸರ ತರುವಾಯ ಆರ್. ನರಸಿಂಹಾಚಾರ್ಯರು, ಅವರ ತರುವಾಯ ೧೯೨೨ರಿಂದ ಅದೇ ಶಾಮಶಾಸ್ತ್ರಿಗಳು ಅದನ್ನು ನಡೆಸಿದರು. ಪುಸ್ತಕಭಂಡಾರದ ಹೆಸರಿನಲ್ಲಿದ್ದ ‘ಪ್ರಾಚ್ಯ’ವು ಶಿಲೆಗಳ ಇಲಾಖೆಗೆ ದಾಟುವುದಕ್ಕೆ ಈ ಸಾಮೀಪ್ಯವು ಸಹಾಯಕವಾಗಿರಬಹುದೆಂದು ಊಹಿಸಲು ಅವಕಾಶವಿದೆ. ಆದರೆ ಅದಕ್ಕಿಂತ ಬಲವಾದ ಕಾರಣವು ಪ್ರಾಚೀನ, ಪ್ರಾಕ್ತನ ಎಂಬ ಶಬ್ದಗಳ ಧ್ವನಿಸಾಮ್ಯ. ಹಳೆಯದೆಂಬರ್ಥದ ಈ ಶಬ್ದಗಳ ನೆರೆಯಲ್ಲಿ ನಿಂತ ಪ್ರಾಚ್ಯಕ್ಕೂ ಹಳೆಯದೆಂಬ ಅರ್ಥವು ಅಂಟಿಕೊಂಡಿತು. ಹೀಗೆ ‘ಪ್ರಾಚ್ಯವಿದ್ಯೆ’ಯಲ್ಲಿ ಅದಕ್ಕೆ ಯೂರೋಪಿಗೆ ಮೂಡಣದ್ದು ಎಂಬರ್ಥ; ‘ಪ್ರಾಚ್ಯವಸ್ತು’ವಿನಲ್ಲಿ ಪುರಾತನವಾದುದು ಎಂಬರ್ಥ.

ಇದೇ ವರ್ಗದ ಇನ್ನೊಂದು ಶಬ್ದವನ್ನೂ ಇಲ್ಲಿ ಗಮನಿಸಬಹುದು. ‘ಪಾಶ್ಚಾತ್ಯ’ಕ್ಕೆ ಜೋಡಿಯಾಗಿ ‘ಪೌರ್ವಾತ್ಯ’ವೆಂಬುದು ಕನ್ನಡ ಲೇಖಕರಲ್ಲಿ ಬಹಳವಾಗಿ ಬಳಕೆಯಲ್ಲಿದೆ. ದಾಕ್ಷಿಣಾತ್ಯ, ಪಾಶ್ಚಾತ್ಯಗಳೊಡನೆ ವ್ಯಾಕರಣವು ಸಾಧಿಸುವ ರೂಪವು ‘ಪೌರಸ್ತ್ಯ’. ‘ಪೌರ್ವಾತ್ಯ’ವು ಪಾಶ್ಚಾತ್ಯದ ಅಚ್ಚಿನಲ್ಲಿ ಎರೆದ ರೂಪ, ಅದಕ್ಕೆ ಸೂತ್ರದ ಆಧಾರವಿಲ್ಲ. ಮೂಡಲನ್ನು ಹೆಸರಿಸಬೇಕಾದಾಗಲೂ ಪಡುವಲಿನ ಅಚ್ಚನ್ನೇ ಎರವಲಾಗಿ ತರುವಂತಾದುದು ಆ ಕಾಲದ ವಿದ್ಯೆಯ ಸ್ಥಿತಿಗೆ ತಕ್ಕುದಾಗಿಯೇ ಇದೆ.

೩

ಸಂಸ್ಕೃತವನ್ನೂ ಇಂಗ್ಲಿಷನ್ನೂ ಬಿಟ್ಟು ದೇಶ್ಯವನ್ನು ನೋಡಿದರೆ ಕನ್ನಡದಲ್ಲಿ ಮೂಡು, ಮೂಡಲು, ಮೂಡಣ ಎಂಬ ಶಬ್ದಗಳಿವೆ. ಮೂಡು ಎಂದರೆ ತೋರು, ಹುಟ್ಟು, ಮೇಲಕ್ಕೇಳು. ಪಡು ಎಂದರೆ ಬೀಳು, ಮುಳುಗು; ಅದರಿಂದ ಪಡುವಣ. ಲ್ಯಾಟಿನ್ನಿನ ಓರಿಯೆಂಟ್, ಆಕ್ಸಿಡೆಂಟ್ ಎಂಬ ಜೋಡಿಯು ಉದಯಾಸ್ತಗಳಿಂದ ಹುಟ್ಟಿದಂತೆಯೇ ಈ ಜೋಡಿಯೂ ಹುಟ್ಟಿದೆ. ಆದುದರಿಂದ ‘ಓರಿಯೆಂಟಲ್’ ಎಂಬುದಕ್ಕೆ ರಚನೆಯಲ್ಲಿಯೂ ಅರ್ಥದಲ್ಲಿಯೂ ಸಮನಾದ ಶಬ್ದವು ಮೂಡಣವೆಂಬುದೇ; ಪ್ರಾಚ್ಯವಲ್ಲ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಸಾಮಾನ್ಯವಾಗಿ ಮೂಡಲಿಂದ ಮೊದಲುಮಾಡುವುದು ವಾಡಿಕೆ. ದಕ್ಷಿಣ ಕನ್ನಡದ ಮೂಡಬಿದಿರೆಗೆ ಎದುರಾಗಿ ಕಡಲಕಡೆ ಪಡುಬಿದಿರೆಯುಂಟು. ಈ ಪ್ರಯೋಗಗಳಲ್ಲೆಲ್ಲ ಹೇಳುವವನು ನಿಂತ ಸ್ಥಳವು ಸ್ಪಷ್ಟ. ಒಂದು ಹೊಲಕ್ಕೆ, ಒಂದು ಊರಿಗೆ, ಒಂದು ಸೀಮೆಗೆ ಮೂಡಲು. ಯಾವ ಜನಾಂಗದ ಸ್ವಭಾವವೂ ಅದರಿಂದ ಸೂಚಿತವಾಗುವುದಿಲ್ಲ.

ಕೋಲಾರದ ಪ್ರಾಂತವನ್ನು ಮೈಸೂರು ಕಡೆಯವರು ‘ಮೂಡಲಸೀಮೆ’ ಎನ್ನುತ್ತಾರೆ. ಬಯಲುಸೀಮೆಯ ಯಕ್ಷಗಾನಪ್ರಕಾರಕ್ಕೆ ‘ಮೂಡಲಪಾಯ’ವೆಂಬ ಹೆಸರು ಕರಾವಳಿಯ ‘ಪಡುವಲಪಾಯ’ಕ್ಕೆ ಎದುರಾಗಿ ನಿಂತಿದೆ. ತಿರುಪತಿಯ ವೆಂಕಟರಮಣನನ್ನು ಕನ್ನಡಿಗರು ಮೂಡಲಗಿರಿಯ ತಿಮ್ಮಪ್ಪನೆಂದು ಕರೆದು, ಮೂಡಲಗಿರಿಯೆಂದು ಮಕ್ಕಳಿಗೆ ಹೆಸರಿಡುವುದುಂಟು. ಅದೇ ಬೆಟ್ಟವು ತಮಿಳರಿಗೆ ವಡವೇಂಗಡ, ಎಂದರೆ ಅವರ ನಾಡಿನ ಬಡಗಣ ಎಲ್ಲೆ. ಬೆಟ್ಟವೊಂದೇ ಆದರೂ ನೋಡುವವನ ಮನೆಯು ಬೇರೆಯಾದುದರಿಂದ ದಿಕ್ಕು ಬೇರೆಯಾಯಿತು. ಚೋಳರು ಕೋಲಾರದ ಸೀಮೆಯನ್ನು ಗೆದ್ದು ಅದಕ್ಕೆ ನಿಗರಿಲಿಚೋಳಮಂಡಲವೆಂದು ಹೆಸರಿಟ್ಟಾಗ, ಅವರ ತಂಜಾವೂರಿನಿಂದ ನೋಡಿದರೆ ಅದು ಮೂಡಲಸೀಮೆಯಾಗಿರಲಿಲ್ಲ. ಘಟ್ಟದ ಮೇಲಣ ದೂರದ ನಾಡಾಗಿತ್ತು.

ತಿರುಪತಿಯ ದಾರಿಯಲ್ಲಿರುವ ಮುಳಬಾಗಿಲ ಹೆಸರೂ ಇಲ್ಲಿ ವಿಚಾರಾರ್ಹವಾಗಿದೆ. ಅದು ‘ಮೂಡಲಬಾಗಿಲು’ ಎಂಬುದರ ಅಪಭ್ರಂಶವೆಂದೂ, ಮೈಸೂರು ಪ್ರಸ್ಥಭೂಮಿಗೆ ಮೂಡಣ ದ್ವಾರವಾದುದರಿಂದ ಆ ಹೆಸರು ಬಂದಿತೆಂದೂ ಪ್ರತೀತಿಯಿದ್ದು, ಗೆಜೆಟಿಯರಿನಲ್ಲಿಯೂ ಅದು ಸ್ಥಾನವನ್ನು ಪಡೆದಿದೆ. ಆದರೆ ವಿಜಯನಗರದ ಕಾಲದ ಶಾಸನಗಳಲ್ಲಿ ಕಾಣುವ ಹೆಸರು ಮುಳುವಾಯಿ. ಗಂಗಾದೇವಿಯ ಮಧುರಾವಿಜಯದಲ್ಲಿ ಕಂಪಣನು ದಂಡಯಾತ್ರೆಯಲ್ಲಿ ತಂಗುವ ‘ಕಂಟಕಾನನ’ವೆಂಬ ಪಟ್ಟಣವನ್ನು ವಿದ್ವಾಂಸರು ಮುಳಬಾಗಿಲೆಂದೇ ಗುರುತಿಸಿದ್ದಾರೆ. ‘ಕಂಟಕ’ವು ‘ಮುಳ್’ ಎಂಬುದರ ಸಂಸ್ಕೃತೀಕರಣವೆಂಬುದು ಸ್ಪಷ್ಟ. ‘ಆನನ’ವೆಂದು ಬಿಡಿಸಿದರೆ ಅದು ‘ವಾಯಿ’ಗೂ ಸರಿಹೊಂದುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿಯೇ ಆ ಹೆಸರನ್ನು ಮುಳ್ಳಿನ ಸಂಬಂಧದಿಂದ ತಿಳಿದಿದ್ದರೆಂದಮೇಲೆ, ಮೂಡಲ ಬಾಗಿಲೆಂಬುದು ಅರ್ಥವನ್ನರಸಿದ ಜನರು ತರುವಾಯ ಓದಿಕೊಂಡುದೆಂದು ತೋರುತ್ತದೆ. ಮೂಡಲೆಂಬ ಅರ್ಥವು ಹೆಸರಿನಲ್ಲಿದ್ದುದಲ್ಲ; ಹೆಸರಿಗೆ ಬಂದುದು.

ಬಂಗಾರಪೇಟೆಯೂ ಇದಕ್ಕೆ ಸಾಕ್ಷಿ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗನ ಹೆಸರಿನಿಂದ ಅದು ಬೌರಿಂಗ್‌ಪೇಟೆಯಾಗಿತ್ತು. ೧೯೦೫ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಆ ತಾಲ್ಲೂಕಿನ ಶಾಸನಗಳು ಈ ಹೆಸರಿನ ಕೆಳಗೇ ಬಂದಿವೆ. ಚಿನ್ನದ ಗಣಿಗಳಿಗೆ ಹೋಗುವ ರೈಲಿನ ಕವಲು ಅಲ್ಲಿಂದಲೇ ಒಡೆಯುವುದರಿಂದ ಬಂಗಾರಪೇಟೆಯೆಂಬ ಹೆಸರು ಅದಕ್ಕೆ ಸಹಜವಾಗಿಯೇ ಒಪ್ಪಿತು. ಇಂದು ಆ ಹೆಸರನ್ನು ಮೊದಲಸಲ ಕೇಳಿದವನು ಬಂಗಾರವನ್ನು ನೆನೆಯುವನೇ ಹೊರತು ಬೌರಿಂಗನನ್ನು ನೆನೆಯುವುದಿಲ್ಲ. ಅರ್ಥವು ಹೀಗೆ ನೆಲೆಗೊಂಡ ಮೇಲೆ ಮೂಲವನ್ನು ತಿಳಿಸಬಹುದಲ್ಲದೆ ಹೆಸರನ್ನು ತಿದ್ದಲಾಗುವುದಿಲ್ಲ, ತಿದ್ದಬೇಕಾಗಿಯೂ ಇಲ್ಲ.

೪

ತಮಿಳಿನಲ್ಲಿ ಮೂಡಲಿಗೆ ‘ಕಿೞಕ್ಕು’ ಎಂದು ಹೆಸರು. ಇದರ ಮೂಲವು ‘ಕೀೞ್’, ಎಂದರೆ ಕೆಳಗು. ಪಡುವಲು ‘ಮೇಱ್ಕು’; ಅದರ ಮೂಲವು ‘ಮೇಲ್’. ಪಶ್ಚಿಮಘಟ್ಟಗಳಿಂದ ಬಂಗಾಳಕೊಲ್ಲಿಯ ಕಡೆಗೆ ಇಳಿಜಾರಾಗಿರುವ ನೆಲದಲ್ಲಿ ಬಾಳಿದ ಜನರು ನೀರು ಹರಿಯುವ ದಿಕ್ಕನ್ನು ಕೆಳಗೆಂದು ಕರೆದುದು ಸಹಜವೇ ಸರಿ. ಮಲೆಯಾಳದಲ್ಲಿ ಮೂಡಲೇ ಎತ್ತರವಾಗಿದ್ದರೂ ಅಲ್ಲಿಯವರೂ ‘ಕಿೞಕ್ಕು’ ಎನ್ನುವುದರಿಂದ, ಆ ಶಬ್ದವು ಘಟ್ಟದ ಮೂಡಣಕ್ಕೆ ಹುಟ್ಟಿ ಅತ್ತ ಹೋಗಿರಬೇಕೆಂದು ಕಾಲ್ಡ್‌ವೆಲ್ಲನು ೧೮೫೬ರಲ್ಲಿ ಮೊದಲು ಪ್ರಕಟವಾದ ತನ್ನ ತುಲನಾತ್ಮಕ ವ್ಯಾಕರಣದಲ್ಲಿ ವಾದಿಸಿದುದು ಸುಪ್ರಸಿದ್ಧ. ಕನ್ನಡಿಗನು ಆಕಾಶವನ್ನು ನೋಡಿ ಇಟ್ಟ ಹೆಸರನ್ನು ತಮಿಳನು ನೆಲವನ್ನು ನೋಡಿ ಇಟ್ಟನು. ಕೋಲಾರದ ಸೀಮೆಯಲ್ಲಿ ಎರಡೂ ನಿಜ. ಬೇತಮಂಗಲದ ಕೆರೆಯನ್ನು ದಾಟಿ ತಮಿಳುನಾಡಿಗಿಳಿಯುವ ಪಾಲಾರಿನ ನೀರು ಕೆಳಗಿಳಿದೇ ಮೂಡಲ ಕಡಲನ್ನು ಸೇರುತ್ತದೆ.

ಆದರೆ ಗಣಿಯೊಳಗೆ ಇದು ತಲೆಕೆಳಗಾಗುತ್ತದೆ. ಕೋಲಾರದ ಮುಖ್ಯವಾದ ಚಿನ್ನದ ಪದರವು ಉತ್ತರದಕ್ಷಿಣವಾಗಿ ಹಬ್ಬಿ ಪಡುವಲ ಕಡೆಗೆ ಇಳಿಯುತ್ತದೆ. ಆ ಪದರವನ್ನನುಸರಿಸಿ ಕೆಳಕೆಳಗೆ ಹೋದಂತೆ ಗಣಿಗಾರನು ಪಡುವಲಿಗೆ ಸರಿಯುತ್ತಿದ್ದನು. ತಮಿಳು ಮಾತಿನ ಅವಯವಾರ್ಥದಂತೆ ಅವನು ‘ಮೇಲಿನ’ ದಿಕ್ಕಿಗೆ ಹೋಗುತ್ತ ಕೆಳಗಿಳಿಯುತ್ತಿದ್ದನು. ಇದರಿಂದ ಅವನಿಗೆ ಯಾವ ತೊಡಕೂ ಉಂಟಾಗಲಿಲ್ಲ; ಏಕೆಂದರೆ ‘ಕಿೞಕ್ಕು’ ಎಂಬುದು ಅವನ ಬಾಯಲ್ಲಿ ಮೂಡಲೆಂಬ ಒಂದೇ ಅರ್ಥದಲ್ಲಿ ನಿಂತಿತ್ತು.

೫

ಈ ದೃಷ್ಟಾಂತವನ್ನೇ ಹಿಡಿದು ಪೂರ್ವಪಕ್ಷಿಯು ಹೀಗೆ ಕೇಳಬಹುದು. ಕೀೞ್ ಎಂಬ ಮೂಲವು ಕಿೞಕ್ಕಿಗೆ ಬಾಧಕವಾಗದಿದ್ದರೆ, ಬೌರಿಂಗನು ಬಂಗಾರಪೇಟೆಗೆ ಬಾಧಕನಾಗದಿದ್ದರೆ, ಮೂಡಲೆಂಬ ಮೂಲವು ಪ್ರಾಚ್ಯವಸ್ತುವಿಗೆ ಏಕೆ ಬಾಧಕವಾಗಬೇಕು? ‘ಪಂಕಜ’ವೆಂದರೆ ಕೆಸರಿನಲ್ಲಿ ಹುಟ್ಟಿದ ಎಲ್ಲವೂ ಅಲ್ಲ, ತಾವರೆಯೇ. ಯೋಗಕ್ಕಿಂತ ರೂಢಿಯು ಬಲವತ್ತರವೆಂಬುದು ಶಾಸ್ತ್ರಸಮ್ಮತ. ಅಲ್ಲದೆ ದಿಗ್ವಾಚಕವು ಕಾಲವಾಚಕವಾಗುವುದು ಭಾಷೆಯ ಸ್ವಭಾವ. ಕನ್ನಡದ ‘ಮುನ್’ ಎಂಬುದರಿಂದಲೇ ಕಳೆದುದನ್ನು ಹೇಳುವ ‘ಮುನ್ನ’ವೂ ಬರಲಿರುವುದನ್ನು ಹೇಳುವ ‘ಮುಂದೆ’ಯೂ ಆಗಿವೆ.

ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಶಬ್ದದ ಮೂಲವು ಅದರ ಅರ್ಥಕ್ಕೆ ಅಧಿಪತಿಯಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ರೂಢಿಯು ಪ್ರಮಾಣವಾಗುವುದು ಅದು ಒಂದರ್ಥದಲ್ಲಿ ನಿಂತಾಗ. ಪಂಕಜವು ಒಂದು ವಾಕ್ಯದಲ್ಲಿ ತಾವರೆಯೂ ಇನ್ನೊಂದರಲ್ಲಿ ಕಪ್ಪೆಯೂ ಆಗುವುದಿಲ್ಲ. ಪ್ರಾಚ್ಯವಾದರೋ ಎರಡು ಅರ್ಥಗಳಲ್ಲಿ ಏಕಕಾಲದಲ್ಲಿ ಜೀವಿಸುತ್ತಿದೆ, ಅದೂ ಒಂದೇ ವಿದ್ಯಾಕ್ಷೇತ್ರದಲ್ಲಿ, ಒಂದೇ ವಿದ್ವಾಂಸನ ಲೇಖನಿಯಲ್ಲಿ. ಪ್ರಾಚ್ಯವಿದ್ಯೆಯನ್ನು ಓದಿದ ವಿದ್ಯಾರ್ಥಿಯು ಪ್ರಾಚ್ಯವಸ್ತುವನ್ನು ನೋಡುವಾಗ, ಮೂಡಣದ್ದೆಂದರೆ ಹಳೆಯದು, ಹಳೆಯದೆಂದರೆ ಮೂಡಣದ್ದು ಎಂಬ ಭಾವನೆಯು ಅವನಿಗೆ ಅರಿವಿಲ್ಲದೆಯೇ ಬಲಿಯುತ್ತದೆ. ಮೂಡಣ ದೇಶಗಳು ಗತಕಾಲದವು, ಪಡುವಣ ದೇಶಗಳು ವರ್ತಮಾನದವು ಎಂಬ ಹತ್ತೊಂಬತ್ತನೆಯ ಶತಮಾನದ ಪೂರ್ವಗ್ರಹವು ವಾದದಿಂದಲ್ಲದೆ ಬರಿಯ ಪದಪ್ರಯೋಗದಿಂದಲೇ ಸ್ಥಾಪಿತವಾಗುತ್ತದೆ. ತನ್ನ ಮನೆಯ ಹಿರಿಯರ ಕಲ್ಲನ್ನು ಕನ್ನಡಿಗನು ಲಂಡನ್ನಿನಲ್ಲಿ ನಿಂತು ನೋಡಿದಂತಾಗುತ್ತದೆ.

ಇದರ ಫಲವು ಪುಸ್ತಕದಲ್ಲಿಯೇ ನಿಲ್ಲುವುದಿಲ್ಲ. ೧೮೦೨ರಲ್ಲಿ ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ಬಂದ ಲೆಫ್ಟೆನೆಂಟ್ ಜಾನ್ ವಾರನ್ನನು ಊರಿಗಾಂ, ಮಾರಿಕುಪ್ಪಗಳ ಬಳಿ ಹಳ್ಳಿಯವರು ಮಣ್ಣಿನಿಂದ ಚಿನ್ನವನ್ನು ತೊಳೆದು ತೆಗೆಯುತ್ತಿದ್ದುದನ್ನು ಕಂಡು ಬರೆದನು. ೧೮೮೦ರಿಂದ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಆಳವಾದ ಗಣಿಗಳು ಬೆಳೆದುವು. ಇಂಗ್ಲೆಂಡಿನ ಪಡುವಣ ತುದಿಯಾದ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿಯಿತು. ೧೯೫೬ರಲ್ಲಿ ಗಣಿಗಳು ಸರ್ಕಾರದ ವಶವಾಗಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಈ ನೆಲದಲ್ಲಿ ಬೇತಮಂಗಲದ, ಎಂದರೆ ಶಾಸನಗಳ ವಿಜಯಾದಿತ್ಯಮಂಗಲದ, ಕಲ್ಬರಹವು ಪ್ರಾಚ್ಯವಸ್ತುವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಗಣಿಯ ಬಾಯಿಯ ಮೇಲಣ ಉಕ್ಕಿನ ಗೋಪುರವೋ, ತೊಟ್ಟಿಲನ್ನು ಇಳಿಸಿ ಏರಿಸುತ್ತಿದ್ದ ರಾಟೆಯೋ, ಕೂಲಿಗಳ ಸಾಲುಮನೆಯೋ, ಹಾಜರಿಪುಸ್ತಕವೋ ಪ್ರಾಚ್ಯವೇ ಎಂದು ಕೇಳಿದರೆ ನಾಲಗೆಯು ತಡೆಯುತ್ತದೆ. ಅವುಗಳಲ್ಲಿ ಕೆಲವು ಪಡುವಲಿನಿಂದ ಬಂದುವು; ಯಾವುದೂ ಪೌರಾಣಿಕವಲ್ಲ.

ಕಾನೂನಿಗೆ ಈ ಸಂಕೋಚವಿಲ್ಲವೆಂಬುದು ಗಮನಾರ್ಹ. ಸ್ಮಾರಕಗಳನ್ನು ಕುರಿತ ೧೯೫೮ರ ಕೇಂದ್ರಶಾಸನವೂ ಪುರಾವಸ್ತುಗಳನ್ನು ಕುರಿತ ೧೯೭೨ರ ಶಾಸನವೂ ಕೇಳುವುದು ಮುಖ್ಯವಾಗಿ ವಯಸ್ಸನ್ನು ಮತ್ತು ಚಾರಿತ್ರಿಕ ಮಹತ್ತ್ವವನ್ನು. ವಸ್ತುವಿಗೆ ೧೦೦ ವರ್ಷ, ಹಸ್ತಲಿಖಿತಕ್ಕೆ ೭೫. ದಿಕ್ಕಿನ ಮಾತೇ ಅಲ್ಲಿಲ್ಲ. ೧೯೦೨ರ ಒಂದು ಯಂತ್ರವು ಈ ಅಳತೆಗೆ ಸಲ್ಲುತ್ತದೆ. ಅದನ್ನು ಹೊರಗಿಡುವುದು ಕಾನೂನಲ್ಲ. ‘ಪ್ರಾಚ್ಯ’ವೆಂಬ ಶಬ್ದವು ಓದುಗನ ಮನಸ್ಸಿನಲ್ಲಿ ಮೂಡಿಸುವ ಗುಡಿ, ಶಿಲೆ, ತಾಮ್ರಪಟಗಳ ಚಿತ್ರವು. ಹೆಸರು ತೋರಿಸದ ವಸ್ತುವನ್ನು ಕಣ್ಣು ನೋಡುವುದಿಲ್ಲ. ನೋಡದ ವಸ್ತುವನ್ನು ಗುಜರಿಯವನು ತೂಕಕ್ಕೆ ಕೊಂಡರೆ ಕೇಳುವವರಿರುವುದಿಲ್ಲ.

೬

ಆದಕಾರಣ ಪ್ರಯೋಗದಲ್ಲಿ ಒಂದು ವ್ಯವಸ್ಥೆಯು ಆವಶ್ಯಕ. ಕಾಲದಿಂದ ಹಳೆಯದಾದುದಕ್ಕೆ ಪುರಾತನ, ಪ್ರಾಚೀನ, ಪುರಾವಸ್ತು ಎಂಬ ಶಬ್ದಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇವೆ. ಆ ಶಾಸ್ತ್ರಕ್ಕೆ ‘ಪುರಾತತ್ತ್ವ’ವೆಂಬುದು ಚೆನ್ನಾಗಿ ನೆಲೆಗೊಂಡಿದೆ. ದಿಕ್ಕನ್ನು ಹೇಳಬೇಕಾದಾಗ ಮೂಡಣವೆಂಬ ನಮ್ರವಾದ ದೇಶ್ಯವು ಸಾಕು. ಸಂಸ್ಕೃತವೇ ಬೇಕಾದರೆ ‘ಪೌರಸ್ತ್ಯ’ವೆಂಬ ಸಾಧುರೂಪವುಂಟು. ‘ಪ್ರಾಚ್ಯ’ವನ್ನು ಎರಡು ಕಡೆಗೆ ಮೀಸಲಿಡಬಹುದು: ಪಾಣಿನಿ, ಅಮರಸಿಂಹಾದಿಗಳ ಪ್ರಾಚ್ಯದೇಶಕ್ಕೆ ಮತ್ತು ಯೂರೋಪಿಯನರು ಏಷ್ಯಾಖಂಡವನ್ನು ಕುರಿತು ನಡೆಸಿದ ವಿದ್ಯಾವ್ಯವಸಾಯದ ಚರಿತ್ರೆಗೆ. ಸ್ಥಾಪಿತ ಸಂಸ್ಥೆಗಳ ಹೆಸರುಗಳನ್ನು ಕದಲಿಸಬೇಕಾಗಿಲ್ಲ. ಬಂಗಾರಪೇಟೆಯಂತೆ ಅವೂ ತಮ್ಮ ಚರಿತ್ರೆಯನ್ನು ತಾವೇ ಹೊತ್ತು ನಿಲ್ಲಬಲ್ಲುವು. ಪಠ್ಯಪುಸ್ತಕದಲ್ಲಿ, ವಸ್ತುಪ್ರದರ್ಶನಶಾಲೆಯ ಚೀಟಿಯಲ್ಲಿ, ಶಾಲೆಯ ಪಾಠದಲ್ಲಿ ಹೊಸದಾಗಿ ಬರೆಯುವಾಗ ಮಾತ್ರ ಈ ವಿವೇಚನೆಯಿರಬೇಕು.

ಶಬ್ದಗಳು ಅರ್ಥವನ್ನು ಬದಲಿಸಿಕೊಳ್ಳುವುದನ್ನು ಯಾವ ಪರಿಷತ್ತೂ ತಡೆಯಲಾರದು. ಆದರೆ ಯಾರ ಅಂಗಳದಲ್ಲಿ ನಿಂತು ಮೂಡಲನ್ನು ಗುರುತಿಸುತ್ತಿದ್ದೇವೆಂಬುದನ್ನು ಮರೆಯದಿರುವುದು ಉಪಾಧ್ಯಾಯನ ಕೈಯಲ್ಲಿದೆ. ಮೂಡಲಸೀಮೆಯ ಮಗುವಿಗೆ ಬೇತಮಂಗಲದ ಶಾಸನವೂ ಮಾರಿಕುಪ್ಪದ ಗಣಿಯ ರಾಟೆಯೂ ತನ್ನ ಊರಿನ ಹಳೆಯ ವಸ್ತುಗಳೆಂದು ಒಂದೇ ಶಬ್ದದಿಂದ ತಿಳಿಯುವಂತಾದರೆ, ಆ ಶಬ್ದವು ತನ್ನ ಕೆಲಸವನ್ನು ಮಾಡಿದಂತಾಯಿತು.